ರೇಡಿಯೇಟರಿಗೆ ಕುಡಿಸಿದ ಚೊಗರು

ತೀರ್ಥಹಳ್ಳಿ ಇನ್ನೇನು ಬಂತು ಅನ್ನುವಾಗ ಮಾಸ್ತಪ್ಪನ ಕಾರು ಮತ್ತೆ ಕುದಿಯಿತು. ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಮಾಸ್ತಪ್ಪ ಇಂಜಿನ್ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕುಳಿತುಬಿಟ್ಟ. ಬೈಯುವುದಕ್ಕೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ.

ಹುಂಚದಲ್ಲಿ ಬಾಡಿಗೆ ಕಾರು ಅಂತ ಇದ್ದದ್ದು ಅವನದೊಂದೇ. ಅದೂ ಶಿವಮೊಗ್ಗದ ಯಾರೋ ವಕೀಲರು ವರ್ಷಗಟ್ಟಲೆ ಓಡಿಸಿ, ಸಾಕಪ್ಪ ಸಾಕು ಎಂದು ಕೈಬಿಟ್ಟ ಕಾರು. ಮಠಕ್ಕೆ ಬರುವ ಯಾತ್ರಿಕರನ್ನೂ ಹೊಸನಗರದ ಕಚೇರಿಗೆ ಅಲೆಯುವವರನ್ನೂ ಹೊತ್ತು ಹೊತ್ತು ಅದಕ್ಕೂ ಸುಸ್ತು, ಓಡಿಸುವವನಿಗೂ ಸುಸ್ತು. ಈಚೆಗೆ ಹಳ್ಳ ಕಂಡಲ್ಲೆಲ್ಲ ನಿಂತು ನೀರು ಕೇಳುವ ರೋಗ ಬೇರೆ ಹಿಡಿದಿತ್ತು. ಊರವರು ಅದಕ್ಕೆ ಮಾಸ್ತಪ್ಪನ ಎಮ್ಮೆ ಎಂದೇ ಹೆಸರಿಟ್ಟಿದ್ದರು.

ಆದರೆ ಇವತ್ತಿನದು ಬಾಡಿಗೆಯ ಓಟವಲ್ಲ. ಮೇಗರವಳ್ಳಿಯಲ್ಲಿದ್ದ ತಂಗಿ ದುಗ್ಗಮ್ಮನಿಗೆ ದಿನ ತುಂಬುತ್ತಾ ಬಂದಿತ್ತು. ಅವಳ ಮೊದಲ ಮಗು ತೀರ್ಥಹಳ್ಳಿಯ ಆಸ್ಪತ್ರೆ ಮುಟ್ಟುವ ಮೊದಲೇ ಎತ್ತಿನ ಗಾಡಿಯಲ್ಲಿ ಹುಟ್ಟಿ, ಗಾಡಿಯಲ್ಲೇ ಕಣ್ಣು ಮುಚ್ಚಿತ್ತು. "ಈ ಸಲ ನಾನೇ ಕಾರು ತರ್ತೀನಿ. ನೀ ಎಂತಕ್ಕೂ ಹೆದರ್ಬೇಡ" ಎಂದು ಮಾಸ್ತಪ್ಪ ತಂಗಿಗೆ ಮಾತು ಕೊಟ್ಟಿದ್ದ.

"ಕೂತ್ರೆ ಆಗ್ತದಾ? ಇಳೀರಿ," ಎಂದಳು ಹೆಂಡತಿ ಕೆರಿಯಮ್ಮ. ನಾದಿನಿಯ ಬಾಣಂತನಕ್ಕೆಂದು ಬಟ್ಟೆಯ ಗಂಟು ಕಟ್ಟಿಕೊಂಡು ಅವಳೂ ಹೊರಟಿದ್ದಳು.

"ಆ ಕೊಡ ಕೊಡು. ಹಳ್ಳದ ನೀರು ತಂದು ಇಂಜಿನ್ ಮೇಲೆ ಹೊಯ್ತೀನಿ. ತಣ್ಣಗಾಗ್ತದೆ."

"ಕೊಡಲ್ಲ. ಮೊನ್ನೆ ಹೀಗೇ ಅವಸರದಲ್ಲಿ ಕಾದ ರೇಡಿಯೇಟರಿನ ಮುಚ್ಚಳ ತಿರುಗಿಸಿ ಅಂಗೈ ಬೇಯಿಸ್ಕೊಂಡ್ರಿ. ನಿಮಗೆ ಅನ್ನ ಕಲಸಿ ಕೊಟ್ಟು ನಂಗೆ ಸಾಕಾಗಿದೆ. ಅದು ತಾನಾಗೇ ಆರ್ಲಿ."

ಕೊಡವನ್ನು ಸೆರಗಿನಡಿ ಅವಚಿಕೊಂಡು ರಸ್ತೆಬದಿಯ ಕಲ್ಲಿನ ಮೇಲೆ ಕುಳಿತೇಬಿಟ್ಟಳು. ಅವಳ ಹಟದ ಮುಂದೆ ಮಾಸ್ತಪ್ಪನ ಆಟ ನಡೆಯಲಿಲ್ಲ. ಬಹಳ ಹೊತ್ತು ಕಾದು, ಕಾರು ಆರಿದ ಮೇಲೆ ನೀರು ತುಂಬಿ, ತೆವಳಿಸಿಕೊಂಡು ತೀರ್ಥಹಳ್ಳಿಯ ಗಜಾನನನ ಗ್ಯಾರೇಜಿಗೆ ಬಂದರು.

ಗಜಾನನ ಮಾಸ್ತಪ್ಪನ ಜೊತೆ ಶಾಲೆ ಕಲಿತವನು, ಸಲಿಗೆಯ ಮನುಷ್ಯ. ದಾರಿಯ ಕಥೆಯೆಲ್ಲ ಕೇಳಿ ಕೆರಿಯಮ್ಮನ ಕಡೆ ತಿರುಗಿದ.

"ಕೊಡ ಕೊಡದೆ ಇದ್ದದ್ದು ಒಳ್ಳೇದಾಯ್ತು ಅತ್ತಿಗೆ. ಕಾದ ಇಂಜಿನ್ ಮೇಲೆ ತಣ್ಣೀರು ಹೊಯ್ದಿದ್ರೆ ಸೀಳು ಬಿಡ್ತಿತ್ತು. ಆಮೇಲೆ ತೂಕಕ್ಕೆ ಮಾರ್ಬೇಕಿತ್ತು ಅಷ್ಟೇ."

ಬಾನೆಟ್ ಎತ್ತಿ, ರೇಡಿಯೇಟರಿಗೆ ಮೇಲೊಮ್ಮೆ ಕೆಳಗೊಮ್ಮೆ ಕೈ ತಾಗಿಸಿ ನೋಡಿದ. ಮತ್ತೆ ಮಾಸ್ತಪ್ಪನನ್ನೇ ಕರೆದ.

"ನೀನೂ ಮುಟ್ಟಿ ನೋಡು. ಮೇಲೆ ಹ್ಯಾಂಗಿದೆ?"

"ಸುಡ್ತದೆ."

"ಕೆಳಗೆ?"

"ತಣ್ಣಗಿದೆ."

"ಅಂದ್ರೆ ಮೇಲಿನ ನೀರು ಕೆಳಗೆ ಇಳೀತಿಲ್ಲ. ಒಳಗೆ ಎಂತ ತುಂಬಿದ್ದೀಯ? ನಿಜ ಹೇಳು ಮಾರಾಯ."

ಮಾಸ್ತಪ್ಪ ಆಕಾಶ ನೋಡಿದ. ಕೆರಿಯಮ್ಮನೇ ಬಾಯಿ ಬಿಟ್ಟಳು. "ರೇಡಿಯೇಟರ್ ಸೋರ್ತಿತ್ತು. ಚೊಗರು ಹೊಯ್ದಿದ್ದಾರೆ."

ಅಡಿಕೆ ಬೇಯಿಸಿದ ನೀರು ಬತ್ತಿ ಬತ್ತಿ ಕೆಂಪಗೆ ಅಂಟಾಗುತ್ತದಲ್ಲ, ಅದೇ ಚೊಗರು. ಅಡಿಕೆಗೆ ಬಣ್ಣ ಕಟ್ಟಲು ಬಳಸುವ ಸಾಮಾನು. ಗಜಾನನ ನಗಲೋ ಅಳಲೋ ತಿಳಿಯದೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ನಗ್ಬೇಡ," ಎಂದ ಮಾಸ್ತಪ್ಪ. "ಹೊಯ್ದ ಮೇಲೆ ಒಂದು ಹನಿ ಸೋರಿಲ್ಲ, ಗೊತ್ತಾ?"

"ಸೋರೋದೂ ನಿಂತಿದೆ, ಹರಿಯೋದೂ ನಿಂತಿದೆ. ಇದ್ರೊಳಗೆ ಕಡ್ಡಿಯಷ್ಟು ಸಣ್ಣ ಕೊಳವೆ ಇರ್ತವೆ. ಇಂಜಿನ್ನಿನ ಬಿಸಿನೀರು ಅದ್ರಲ್ಲಿ ಇಳಿದು, ಗಾಳಿಗೆ ತಣಿದು, ವಾಪಸ್ ಹೋಗ್ಬೇಕು. ನೀನು ಒಂದು ತೂತು ಮುಚ್ಚೋಕೆ ಹೋಗಿ ಅಷ್ಟನ್ನೂ ಮುಚ್ಚಿದ್ದೀಯ."

ಇಂಜಿನ್ ಎಣ್ಣೆಯ ಕಡ್ಡಿ ಎಳೆದು ಬೆಳಕಿಗೆ ಹಿಡಿದ. "ಎಣ್ಣೆ ಹಾಲು ಬೆರೆಸಿದ ಕಾಫಿ ಥರ ಕಂಡ್ರೆ ಇಂಜಿನ್ ಒಳಗೇ ನೀರು ನುಗ್ಗಿದೆ ಅಂತ ಲೆಕ್ಕ. ನಿನ್ನ ಪುಣ್ಯ, ಅಲ್ಲೀತನಕ ಹೋಗಿಲ್ಲ." ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಜೋಲಿಯ ಹಾಗೆ ಜಗ್ಗಿತು. "ಇದೂ ಸಡಿಲ. ಫ್ಯಾನ್ ಸರಿಯಾಗಿ ತಿರುಗದೆ ಗಾಳಿ ಎಲ್ಲಿಂದ ಬರ್ತದೆ? ಕಾರು ಬಿಟ್ಟು ಹೋಗು. ನಾಳೆ ಮಧ್ಯಾಹ್ನ ಕೊಡ್ತೀನಿ."

ಮಾಸ್ತಪ್ಪನಿಗೆ ಪಿತ್ತ ನೆತ್ತಿಗೇರಿತು. "ನಾಳೆಯಾ? ತಂಗಿ ಅಲ್ಲಿ ದಾರಿ ಕಾಯ್ತಿದ್ದಾಳೆ. ಈಗ ನೀರು ತುಂಬ್ಸಿ ಕೊಡು, ಹ್ಯಾಂಗೋ ಹೋಗಿ ಬರ್ತೀನಿ. ಬಂದ್ಮೇಲೆ ಬೇಕಾದ್ರೆ ಪೂರ್ತಿ ಬಿಚ್ಚು."

"ಹೋಗೋವಾಗ ನೀವಿಬ್ರೇ, ನಿಂತ್ರೂ ಅಡ್ಡಿಲ್ಲ. ಬರೋವಾಗ ಒಳಗೆ ದುಗ್ಗಮ್ಮ ಇರ್ತಾಳೆ. ಕಾಡಿನ ದಾರೀಲಿ ಅವಳಿಗೆ ನೋವು ಶುರುವಾಗಿ, ನಿನ್ನ ಕಾರು ಕುದಿಯೋಕೆ ಹಿಡಿದ್ರೆ ಏನು ಹೇಳ್ತೀಯ? ತಾಳು ತಂಗಿ, ಇಂಜಿನ್ ಆರ್ಲಿ ಅಂತೀಯ?"

ಆವತ್ತು ಎತ್ತಿನ ಗಾಡಿಯಿಂದ ಇಳಿದ ಭಾವನ ಕೈಯಲ್ಲಿದ್ದ ಪುಟ್ಟ ಬಟ್ಟೆಯ ಗಂಟು ಮಾಸ್ತಪ್ಪನಿಗೆ ನೆನಪಾಯಿತು. ಗ್ಯಾರೇಜಿನ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಬಿಚ್ಚು," ಎಂದ.

ಗಜಾನನ ರೇಡಿಯೇಟರನ್ನು ಕಳಚಿ, ಕೆಳಬಾಯಿಂದ ಮೇಲಕ್ಕೆ ನೀರು ಹಾಯಿಸಿದ. ಮೊದಲು ಕಡುಗೆಂಪಾಗಿ ಬಂತು. ಕಸ, ಹಳ್ಳದ ಮರಳು ಎಲ್ಲ ಜೊತೆಗೇ ಬಂದವು. ಹಾಯಿಸಿ ಹಾಯಿಸಿ ಕೈ ಸೋತರೂ ನೀರು ತಿಳಿಯಾಗುವವರೆಗೆ ಬಿಡಲಿಲ್ಲ. ಸೋರುತ್ತಿದ್ದ ಕಡೆ ಬೆಸುಗೆ ಹಾಕಿದ, ಬಿರುಕು ಬಿಟ್ಟ ರಬ್ಬರ್ ಪೈಪು ಬದಲಿಸಿದ, ಬೆಲ್ಟು ಬಿಗಿದ. ಪಕ್ಕದಲ್ಲಿ ಕುಳಿತ ಮಾಸ್ತಪ್ಪನ ಕಿವಿಯಲ್ಲಿ ಬುದ್ಧಿಮಾತು ಹೊಯ್ಯುತ್ತಲೇ ಇದ್ದ.

"ದಿನಾ ಬೆಳಿಗ್ಗೆ, ಕಾರು ತಣ್ಣಗಿರುವಾಗ ಮುಚ್ಚಳ ತೆಗೆದು ನೀರು ನೋಡು. ಬಾವಿ ನೀರು ಬಟ್ಟೇಲಿ ಸೋಸಿ ಹಾಕು. ನೀರು ದಿನಾ ಕಮ್ಮಿ ಆಗ್ತಿದ್ರೆ ಎಲ್ಲಿ ಹೋಗ್ತದೆ ಅಂತ ಹುಡುಕು. ಬರೀ ತುಂಬಿಸ್ತಾ ಕೂತ್ರೆ ಪ್ರಯೋಜನ ಇಲ್ಲ."

"ಇಷ್ಟೆಲ್ಲ ಯಾರಿಗೆ ನೆನಪಿರ್ತದೆ?"

"ನಂಗಿರ್ತದೆ ಬಿಡಿ," ಎಂದಳು ಕೆರಿಯಮ್ಮ.

ಮರುದಿನ ಮಧ್ಯಾಹ್ನ ಮೇಗರವಳ್ಳಿಗೆ ಹೋಗಿ, ದುಗ್ಗಮ್ಮನನ್ನು ಕೂರಿಸಿಕೊಂಡು ಹೊರಟರು. ದಾರಿ ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಅತ್ತಿಗೆಯ ತೋಳು ಗಟ್ಟಿಯಾಗಿ ಹಿಡಿದಳು.

"ಅಣ್ಣಾ, ನೋವು ಬರ್ತಿದೆ."

ಮಾಸ್ತಪ್ಪನ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ. ಏರು ಬಂತು. ಹಿಂದಿನಿಂದ ದುಗ್ಗಮ್ಮನ ನರಳಾಟ ಜೋರಾಯಿತು. ಮುಳ್ಳು ಇದ್ದ ಜಾಗದಲ್ಲೇ ಇತ್ತು. ಏರು ಮುಗಿಯಿತು, ಹಳ್ಳಗಳು ಹಿಂದಾದವು. ಎಲ್ಲೂ ನಿಲ್ಲಿಸದೆ ಆಸ್ಪತ್ರೆಯ ಬಾಗಿಲಿಗೇ ಕಾರು ತಂದ.

ಹೊತ್ತು ಮುಳುಗುವ ಮುಂಚೆ ಒಳಗಿನಿಂದ ಮಗುವಿನ ಅಳು ಕೇಳಿತು. ನರ್ಸಮ್ಮ ಬೆವರೊರೆಸಿಕೊಳ್ಳುತ್ತಾ ಹೊರಗೆ ಬಂದರು.

"ಹೆಣ್ಣು ಮಗು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ಕೊಂಡಿತ್ತು. ಇಲ್ಲಿಗೆ ಬಂದಿದ್ದಕ್ಕೆ ಉಳೀತು. ದಾರೀಲಿ ಆಗಿದ್ರೆ ಕಷ್ಟ ಇತ್ತು."

ಮಾಸ್ತಪ್ಪ ಜಗಲಿಯ ಕಂಬಕ್ಕೆ ಒರಗಿ, ಹೆಂಡತಿ ನೋಡುತ್ತಿದ್ದಾಳೆಂಬ ನಾಚಿಕೆಯೂ ಇಲ್ಲದೆ ಅತ್ತ. ಅತ್ತು ಮುಗಿದ ಮೇಲೆ, ಎಷ್ಟೋ ದಿನದ ದಣಿವು ಒಮ್ಮೆಗೇ ಮೇಲೆ ಬಿದ್ದು ಅಲ್ಲೇ ನಿದ್ದೆ ಹೋದ.

ಹಳೇ ಕಾರು ಓಡಿಸುವ ಅಣ್ಣತಮ್ಮಂದಿರೇ, ನಿಮಗೆ ದಣಿವಿದೆ, ಗೊತ್ತು. ಆದರೂ ಬೆಳಗಿನ ಹೊತ್ತು ನೀರು, ಎಣ್ಣೆ, ಬೆಲ್ಟು ನೋಡದೆ ಹೊರಡಬೇಡಿ. ಕಾರು ಕುದಿದರೆ ನಿಲ್ಲಿಸಿ, ಆರಲು ಬಿಡಿ. ಬಿಸಿಯಿರುವಾಗ ಮುಚ್ಚಳ ಮುಟ್ಟಬೇಡಿ, ತಣ್ಣೀರು ಸುರಿಯಬೇಡಿ. ಸೋರುವ ರೇಡಿಯೇಟರಿಗೆ ಚೊಗರು, ಅರಿಶಿನ, ಹಿಟ್ಟು ಎಂದು ಮನೆಮದ್ದು ಮಾಡದೆ ಬೆಸುಗೆ ಹಾಕಿಸಿ. ನಿಮ್ಮ ಹಿಂದಿನ ಸೀಟಿನಲ್ಲಿ ಕೂರುವವರಿಗೆ ಇಂಜಿನ್ನಿನ ವಿಷಯ ಏನೂ ಗೊತ್ತಿರುವುದಿಲ್ಲ. ಅವರು ನಿಮ್ಮನ್ನು ನಂಬಿ ಹತ್ತುತ್ತಾರೆ.