ಓಡುವ ಟಬ್ಬಿಗೆ ವೈಟ್ ಸಿಮೆಂಟ್

ಮಸ್ಕತ್ತಿನ ಅಲ್ ಗುಬ್ರಾದಲ್ಲಿ ನಾನು ಮುಟ್ಟಿದ ನಲ್ಲಿ ಮತ್ತೆ ತೊಟ್ಟಿಕ್ಕಿದ್ದನ್ನು ಕಂಡವರಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ನಿಲ್ಲಿಸಿದ ನೀರನ್ನೆಲ್ಲ ಸುರಿದರೆ ಒಮಾನಿಗೆ ಇನ್ನೊಂದು ಸಮುದ್ರವಾಗುತ್ತಿತ್ತು. ಅಂಥ ಪ್ಲಂಬರ್ ಸಿಪ್ರಿಯನ್ ಆದ ನನ್ನನ್ನು ಗೆಳೆಯ ಶರ್ಫುದ್ದೀನನ ಕ್ಯಾರವಾನಿನ ಸ್ನಾನದ ಟಬ್ಬು ನಾಲ್ಕನೇ ಶುಕ್ರವಾರದ ರಜೆಯಲ್ಲೂ ನೆಲಕ್ಕೆ ಮಲಗಿಸಿತ್ತು.

ಕಾರಿನ ಹಿಂದೆ ಕಟ್ಟಿ ಎಳೆಯುವ ಹಳೇ ಮನೆ ಅದು. "ಅರಮನೆ ಮಾರಾಯ್ರೆ, ತಗೊಳ್ಳಿ" ಎಂದು ಕೊಡಿಸಿದವನೂ ನಾನೇ. ಉಳ್ಳಾಲದಿಂದ ಬಂದಿದ್ದ ಅವನ ತಾಯಿ ಐಶಮ್ಮನಿಗೆ ರುಸ್ತಾಕಿನ ಬೆಟ್ಟ ನೋಡುವ ಆಸೆ. ಮಂಡಿನೋವಿನಿಂದಾಗಿ ಟಬ್ಬಿನಲ್ಲಿ ಕೂತೇ ಸ್ನಾನವಾಗಬೇಕು. ಅದರ ಡ್ರೈನ್ ಸೋರಿ ನೆಲದ ಪ್ಲೈವುಡ್ ಉಬ್ಬತೊಡಗಿದ್ದರಿಂದ ಮೂರು ಬಾರಿ ಪ್ರಯಾಣ ತಪ್ಪಿತ್ತು. ಭಾನುವಾರ ಊರಿಗೆ ಮರಳುವ ಅವರ ವಿಮಾನ. ಇವತ್ತು ಹೊರಡದಿದ್ದರೆ ಬೆಟ್ಟವಿಲ್ಲ.

ಮೂರು ಸಲವೂ ನಾನು ಫ್ಲ್ಯಾಟುಗಳಲ್ಲಿ ಮಾಡುವ ಹಾಗೆ ಡ್ರೈನಿನ ಸುತ್ತ ವೈಟ್ ಸಿಮೆಂಟ್ ಮೆತ್ತಿದ್ದೆ. ಗಾಡಿ ನಿಂತಿದ್ದಾಗ ಒಂದು ಹನಿಯೂ ಇಲ್ಲ. ಸ್ವಲ್ಪ ಓಡಿ ಬಂದರೆ ಒಸರು.

ಜುಮಾ ನಮಾಜು ಮುಗಿಸಿ ಬಂದ ಶರ್ಫುದ್ದೀನ್, "ಪೊರ್ಬುಗಳೇ, ಇವತ್ತಾದ್ರೂ ಕೆಲಸ ಖಲಾಸ್ ಆಗ್ತದಾ?" ಎಂದು ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದು ಕೇಳಿದ.

"ನಾನಿರುವಾಗ ಮಸ್ಕತ್ತೇ ಸೋರುದಿಲ್ಲ, ಈ ಬೋಗುಣಿ ಯಾವ ಲೆಕ್ಕ? ಟಬ್ಬಿಗೆ ನೀರು ತುಂಬಿಸಿದ್ದೇನೆ. ನೀವು ಎದುರಿನ ಮೈದಾನದಲ್ಲಿ ಮೆಲ್ಲ ಒಂದು ಸುತ್ತು ಹಾಕಿ, ನಾನು ಒಳಗೆ ಮಲಗಿ ನೋಡ್ತೇನೆ."

ಟಬ್ಬಿನ ಪಕ್ಕದ ಹಲಗೆ ಕಳಚಿ, ಟಾರ್ಚ್ ಹಿಡಿದು ಮಲಗಿದೆ. ನನ್ನ ಬೆನ್ನ ಮೇಲೆ ನೀರುದೋಸೆ ಎರೆಯಬಹುದಾದಷ್ಟು ಸೆಕೆ. ಮೂಳೆಗಳೆಲ್ಲ ಎಂದೋ ರಾಜೀನಾಮೆ ಕೊಟ್ಟಿದ್ದವು. ಚಕ್ರ ಮೊದಲ ಗುಂಡಿಗೆ ಇಳಿಯಿತು, ನೆಲ ಬಳುಕಿತು, ಟಬ್ಬಿನಡಿ 'ಟಿಕ್' ಎಂದಿತು. ಸಿಮೆಂಟಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ತುದಿಯಲ್ಲೊಂದು ಹನಿ.

ಫ್ಲ್ಯಾಟು ಅಲ್ಲಾಡುವುದಿಲ್ಲ, ಇದು ಅಲ್ಲಾಡುತ್ತದೆ. ಇಷ್ಟೇ. ಇದಕ್ಕೆ ನಾಲ್ಕು ಶುಕ್ರವಾರ.

ಹೊರಗೆ ಬರುವಷ್ಟರಲ್ಲಿ ನಾಲಿಗೆಯ ಮೇಲೆ ಹದಿನೇಳು ಸುಳ್ಳುಗಳು ಸಾಲುಗಟ್ಟಿದ್ದವು: ಪೈಪು ಕಳಪೆ, ಟಬ್ಬು ಓರೆ, ಮೈದಾನವೇ ಸರಿಯಿಲ್ಲ... ಐಶಮ್ಮ ತುಂಬಿಸಿಟ್ಟ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಯುತ್ತಿದ್ದರು. ನನಗೆ ಸುಳ್ಳು ಹೇಳುವುದಕ್ಕೂ ಸುಸ್ತಾಗಿತ್ತು.

"ತಪ್ಪು ನನ್ನದೇ. ಓಡುವ ಗಾಡಿಗೆ ಸಿಮೆಂಟ್ ಹಾಕಬಾರದಿತ್ತು."

ಶರ್ಫುದ್ದೀನ್ ನನ್ನ ಹಣೆ ಮುಟ್ಟಿ ನೋಡಿದ. "ಜ್ವರ ಉಂಟಾ ಮಾರಾಯ್ರೆ?"

ಸಿಮೆಂಟು ಕೆತ್ತಿ ತೆಗೆದೆ. ದಪ್ಪ ರಬ್ಬರ್ ವಾಷರ್ ಕೂರಿಸಿ, ಗಟ್ಟಿ ಪೈಪಿನ ಬದಲು ಬಾಗುವ ಪೈಪು ಸಿಕ್ಕಿಸಿದೆ. ಡ್ರೈನಿನ ಕೆಳಗೆ ಪೇಪರ್ ಹಾಸಿ ಮೈದಾನದಲ್ಲಿ ಮೂರು ಸುತ್ತು. ನನ್ನ ಬೆನ್ನಿನ ಲೆಕ್ಕದಲ್ಲಿ ಮುನ್ನೂರು. ಪೇಪರ್ ಒದ್ದೆಯಾಗಲಿಲ್ಲ.

"ಇನ್ನು ಸೋರುದಿಲ್ಲ ಅಲ್ವಾ ಮಗಾ?" ಐಶಮ್ಮ ಕೇಳಿದರು.

ನೂರು ವರ್ಷ ಸೋರುದಿಲ್ಲ ಎನ್ನಲು ಬಾಯಿ ತೆರೆದವನು ಮಾತು ಬದಲಿಸಿದೆ. "ರುಸ್ತಾಕ್ ಮುಟ್ಟುವವರೆಗೆ ಸೋರುದಿಲ್ಲ ಅಮ್ಮಾ. ವಾಪಸ್ ಬರುವಾಗಿನದ್ದು ಗೊತ್ತಿಲ್ಲ."

"ಹಾಗಾದ್ರೆ ನೀನೂ ಹತ್ತು." ಬ್ಯಾಗನ್ನು ನನ್ನ ಕೈಗಿತ್ತು ಎದ್ದರು. "ಸ್ಪಾನರ್ ಮರೀಬೇಡ."

ನಾಲ್ಕು ಶುಕ್ರವಾರಗಳಿಂದ ಬಾಕಿ ಉಳಿದಿದ್ದ ನಿದ್ದೆಯನ್ನು ಹೊತ್ತು ಕಾರಿನ ಹಿಂದಿನ ಸೀಟು ಹತ್ತಿದೆ.