ಬ್ಯಾಟರಿಗೆ ಮಾತಾಡದ ಮೈಕು

ಕೆಂಪು ದೀಪ ಹತ್ತಲಿಲ್ಲ, ಇನ್ನೊಮ್ಮೆ ಒತ್ತಿದೆ, ಹತ್ತಲಿಲ್ಲ, ಮಧ್ಯಾಹ್ನ ಕರೆಂಟಿನ ಮ್ಯಾಲ ಇದೇ ಮೈಕಿನ ಮಷೀನು ರಾರಾವಿ ಊರೆಲ್ಲ ಕೇಳುವಂಗ ಹಾಡಿತ್ತಲ್ಲ, ಬೇವಿನ ಗಿಡಕ್ಕ ಕಟ್ಟಿದ ಹಾರ್ನು ಗಾಳಿಗೆ ಅಳ್ಳಾಡಾಕತ್ತೈತಿ, ಆ ಗಾಳಿಗೇ ಕರೆಂಟು ಹೋಗೇತಿ, ಬಾಜೂ ಮನಿ ಎರ್ರಣ್ಣ ತನ್ನ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಅಂಗಳದಾಗ ಇಟ್ಟು ಓಡ್ಯಾನ, ನೀ ಇದನ್ನ ನೋಡು ತಂಗಿ, ನಾ ದಂಡಿಗೆ ನಿಂತು ಕೂಗ್ತೀನಿ ಅಂತ — ಕೂಗಿದರೇನು, ಗಾಳಿ ಊರಿನ ಕಡಿಗೇ ಬೀಸಾಕತ್ತೈತಿ, ಹೊಳಿ ನಡುವಿನ ಉಸುಕಿನ ದಿಬ್ಬಕ್ಕ ಅವನ ದನಿ ಮುಟ್ಟೋದಿಲ್ಲ, ಅಲ್ಲಿ ಕಲ್ಲಂಗಡಿ ಬಳ್ಳಿ, ಬಳ್ಳಿ ನಡುವ ಗುಡಿಸಲು, ಗುಡಿಸಲದಾಗ ನಮ್ಮ ಮನಿಯವರು, ಮುಂಜಾನೆ ಜ್ವರ ಇಟಗೊಂಡೇ ಹೋದರು, ಮಾತ್ರಿ ನುಂಗಿ ಮಲಗಿರಬೇಕು, ಬಾಗಲಿಗೆ ತೂಗುಹಾಕಿದ ಕಂದೀಲು ಇಲ್ಲಿಂದ ಕಾಣ್ತೈತಿ, ಮಿಸುಕವಲ್ಲದು. ಮ್ಯಾಲಿನ ಊರಾಗ ಜೋರು ಮಳಿ, ಹೊಳಿ ಬರಾಕತ್ತೈತಿ ಅಂತ ಬಸ್ಸಿನ ಡ್ರೈವರ್ ಹೇಳಿ ಹೋದ, ನಮ್ಮ ಕಡಿ ಕವಲು ಆಗಲೇ ಕೆಂಪಗ ತುಂಬಿ ಓಡಾಕತ್ತೈತಿ, ಅದರಾಗ ಇಳಿದವರು ಉಳಿಯೋದಿಲ್ಲ, ಆ ಕಡಿ ಕವಲು ಇನ್ನಾ ಒಣಾ ಐತಿ, ಎದ್ದು ಆ ಕಡಿ ಓಡಿದರ ಬದುಕ್ತಾರ, ಯಾರು ಎಬ್ಬಸಬೇಕು, ಯಾ ಅಲ್ಲಾ.

ಕೆಂಪು ವೈರು ಕೂಡಿಸೋ ಗುರ್ತಿಗೆ ಲಾಲಬೀ, ಕರೇದು ಕಳಿಯೋ ಗುರ್ತಿಗೆ, ತಪ್ಪಿದರ ಮಷೀನು ಸುಡ್ತೈತಿ — ಮನಿಯವರ ಮಾತು, ಮದವಿ ಮನ್ಯಾಗ ಅವರು ಮೈಕು ಹಾಕುವಾಗ ನಾ ಟಾರ್ಚು ಹಿಡೀತಿದ್ದೆ, ಅವರ ಬೆರಳು ಓಡಾಡತಿದ್ದವು, ಬೆರಳಷ್ಟೇ ನೋಡಿದೆನೇನು ನಾನು, ಕೆಲಸ ನೋಡಲಿಲ್ಲೇನು — ಬ್ಯಾಟರಿ ಸತ್ತಿರಬೇಕು, ತುಂಡು ತಂತಿ ಎರಡೂ ಕಡಿ ಮುಟ್ಟಿಸಿದೆ, ಚಿಟ್ ಅಂತ ಕಿಡಿ, ಜೀವ ಐತಿ, ತುದಿಗೆ ಕಟ್ಟಿದ ಬಿಳೀ ಹಿಟ್ಟು ಈಳಿಗಿಲೆ ಕೆರದೆ, ಹತ್ತಲಿಲ್ಲ, ಫ್ಯೂಜಿನ ಗಾಜು ಬಿಚ್ಚಿ ನೋಡಿದೆ, ಒಳಗಿನ ಎಳಿ ಹರಿದಿಲ್ಲ, ಹಿಂದಿನ ಗುಂಡಿ ಬ್ಯಾಟರಿ ಕಡಿಗೇ ತಿರುಗೇತಿ, ಮತ್ಯಾಕ, ಮತ್ಯಾಕ, ನೀರಿನ ಸಪ್ಪಳ ದೊಡ್ಡದಾತು, ಕಂದೀಲು ಅಲ್ಲೇ ಐತಿ, ಕೆಂಪು ವೈರು ಜಗ್ಗಿದೆ, ಕ್ಲಿಪ್ಪಿನ ಹತ್ರ ಮೆತ್ತಗ ಬಾಗಿತು, ಒಳಗ ಎಲುಬು ಮುರಿದ ಕೈ ಬಾಗಿದಂಗ, ಹಲ್ಲಿಲೆ ರಬ್ಬರು ಹರಿದೆ, ಹಸಿರುಗಟ್ಟಿದ ತಾಮ್ರ, ತುಂಡಾಗೇತಿ, ಇಲ್ಲೇ ತುಂಡಾಗೇತಿ, ಕಟ್ಟಾಕ ಹೊತ್ತಿಲ್ಲ, ಮುಂದಿನ ತಾಮ್ರ ಸುಲಿದು ಬ್ಯಾಟರಿಗೆ ಬೆರಳಿಲೆ ಒತ್ತಿ ಹಿಡಿದೆ — ಹತ್ತಿತು. ಗಿಡದಾಗ ಹಾರ್ನು ಉಸಿರು ಬಿಟ್ಟಿತು.

ಎಡಗೈಯಾಗ ಮೈಕು, ಬಲಗೈಯಾಗ ವೈರು, ಏನಂತ ಕರೀಲಿ, ಲಗ್ನಾದಾಗಿಂದ ಹೆಸರು ಹಿಡಿದಿಲ್ಲ, ಇಗಾ ಅಂತೀನಿ, ಕೇಳಿದಿರೇನು ಅಂತೀನಿ, ಇಗಾ ಅಂದರ ಊರ ಗಂಡಸರೆಲ್ಲ ತಿರುಗ್ಯಾರು, ಅವರು ಏಳಲಿಕ್ಕಿಲ್ಲ — ಸಮದ್, ಅಂದೆ, ಅಬ್ದುಲ್ ಸಮದ್, ಏಳು, ಹೊಳಿ ಬಂತು. ನನ್ನ ದನಿ ನನಗೇ ಗಿಡದ ಮ್ಯಾಲಿಂದ ಬಿತ್ತು. ಸಮದ್, ಸಮದ್. ಕಂದೀಲು ಮಿಸುಕಿತು, ಮ್ಯಾಲೆದ್ದಿತು, ಎದ್ದರು, ನಡದರು — ಈ ಕಡಿಗೇ ನಡದರು. ಹೆಂಡ್ತಿ ಕರದಾಳ ಅಂತ ಹೆಂಡ್ತಿ ಕಡಿಗೇ ಬರಾಕತ್ಯಾರ, ಜ್ವರದ ಕಣ್ಣಿಗೆ ಕತ್ತಲಾಗ ನೀರು ಕಾಣವಲ್ಲದು, ಕಂದೀಲು ಒಂದೊಂದೇ ಹೆಜ್ಜಿ ನೀರಿನ ಕಡಿ ಬರಾಕತ್ತೈತಿ, ನನ್ನ ಬೆರಳಿಂದ ವೈರು ಜಾರಿ ಹಾರ್ನು ಮೂಕಾತು, ಒತ್ತಿದೆ, ಮತ್ತ ಒತ್ತಿದೆ. ಬರಬ್ಯಾಡ, ನನ್ನ ಕಡಿ ಬರಬ್ಯಾಡ, ತಿರುಗು, ಆ ದಂಡಿಗೆ ಓಡು. ಕಂದೀಲು ನಿಂತಿತು. ನಿಂತೇ ಇತ್ತು. ತಿರುಗಿತು, ಸಣ್ಣದಾತು, ದಿಬ್ಬದ ಹಿಂದ ಮುಳುಗಿತು.

ಎರ್ರಣ್ಣ ಬಂದು ಮುಂದ ಕುಂತಾನ, ಹತ್ತಿದ ತಂಗಿ, ಆ ದಂಡಿ ಹತ್ತಿದ, ವೈರು ಬಿಡು ಅಂತಾನ, ಖರೇ ಐತಿ, ದೂರ ಎತ್ತರದಾಗ ಚುಕ್ಕಿಯಂಥಾ ಬೆಳಕು ನಿಂತೈತಿ, ಗುಡಿಸಲಿದ್ದಲ್ಲಿ ಈಗ ನೀರೇ ನೀರು, ಬೆರಳು ಬಿಡವಲ್ಲವು, ಕಣ್ಣು ಮುಚ್ಚಿದರ ಅದೇ, ನನ್ನ ದನಿ ಕೇಳಿ ನೀರಿನ ಕಡಿ ನಡಕೋತ ಬರೋ ಕಂದೀಲು, ಒಂದೊಂದೇ ಹೆಜ್ಜಿ, ಕಂದೀಲು, ನೀರಿನ ಕಡಿ, ಕಂದೀಲು —