ದಿನಕ್ಕೊಂದು ಅಂಗಳ

ಗಾಡಿಗೆ ಮೂರು ಲಕ್ಷ ನಲವತ್ತು ಸಾವಿರ. ಹನ್ನೆರಡು ಸೀಟಿನ ಹಳೆಯ ಟೆಂಪೊ ಟ್ರಾವೆಲರ್, ಎರಡು ಕೈ ಬದಲಾಗಿ ಬಂದದ್ದು. ಸೀಟು ಕಿತ್ತು ಮಂಚ, ಬೀರು, ಅಡುಗೆ ಕಟ್ಟೆ ಕೂರಿಸಿಕೊಟ್ಟ ಶ್ರೀರಂಗಪಟ್ಟಣದ ವೆಲ್ಡಿಂಗ್ ಶಾಪಿನವನಿಗೆ ಒಂದು ಲಕ್ಷ ಇಪ್ಪತ್ತು ಸಾವಿರ. ತಲೆಯ ಮೇಲಿನ ಸೋಲಾರು, ಬ್ಯಾಟರಿ ನಲವತ್ತೆರಡು ಸಾವಿರ. ಟೈರಿಗೆ ಇಪ್ಪತ್ತೆಂಟು, ಇನ್ಶೂರೆನ್ಸಿಗೆ ಹದಿನೆಂಟು. ಹಾಸಿಗೆ, ನೀರಿನ ಟ್ಯಾಂಕು, ಒಲೆ, ಪುಟ್ಟ ಸಿಲಿಂಡರು ಸೇರಿ ಹದಿನೇಳು ಸಾವಿರದ ಮುನ್ನೂರು. ಕಿಟಕಿ ಪರದೆಯ ಬಟ್ಟೆಗೆ ಒಂಬೈನೂರು. ಹೊಲಿದವಳು ಜಯಲಕ್ಷ್ಮಮ್ಮನೇ ಆದ್ದರಿಂದ ಕೂಲಿ ಇಲ್ಲ. ಒಟ್ಟು ಐದು ಲಕ್ಷ ಅರವತ್ತಾರು ಸಾವಿರದ ಇನ್ನೂರು.

ಜಯಲಕ್ಷ್ಮಮ್ಮನ ಗಂಡ ಕೆಂಪಣ್ಣ ಇದನ್ನು ಹಳೇ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟಿದ್ದ. ಅದರಲ್ಲಿ ಬಿಟ್ಟುಹೋದದ್ದು ಒಂದೇ, ಲೈಸೆನ್ಸಿನ ರಿನೀವಲ್ಲು. ಮೂವತ್ನಾಲ್ಕು ವರ್ಷ ಸರ್ಕಾರಿ ಬಸ್ಸು ಓಡಿಸಿದವನಿಗೆ ಅದೊಂದು ಖರ್ಚು ಅಂತಲೇ ಅನಿಸಿರಲಿಲ್ಲ.

ದುಡ್ಡು ಬಂದದ್ದು ಮನೆಯಿಂದ. ಪಾಂಡವಪುರದ ತಮ್ಮ ಮನೆಯನ್ನು ಸಂತೋಷ್ ಮತ್ತು ಸುನಿತಾ ಎಂಬ ಗಂಡಹೆಂಡಿರಿಗೆ ಮೂರು ವರ್ಷದ ಭೋಗ್ಯಕ್ಕೆ ಕೊಟ್ಟು ಆರು ಲಕ್ಷ ಈಸಿಕೊಂಡಿದ್ದರು. ಬಾಡಿಗೆ ಇಲ್ಲ, ಬಡ್ಡಿ ಇಲ್ಲ. ಮೂರು ವರ್ಷ ಕಳೆದ ಮೇಲೆ ಆರು ಲಕ್ಷವನ್ನೂ ಎಣಿಸಿಕೊಟ್ಟು ಮನೆ ಬಿಡಿಸಿಕೊಳ್ಳಬೇಕು. ಆಗ ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟರಾಯಿತು, ಗಾಡಿಯೇ ಮನೆ, ಇನ್ನು ಮನೆಗೆ ವಾಪಸ್ಸು ಬರುವ ಮಾತೆಲ್ಲಿ ಎಂಬುದು ಇಬ್ಬರ ಯೋಚನೆ.

ಈ ಆಸೆ ಮೊದಲು ಹುಟ್ಟಿದ್ದು ಜಯಲಕ್ಷ್ಮಮ್ಮನಿಗೆ. ಗಂಡ ಸಾವಿರಾರು ಜನರನ್ನು ಅವರವರ ಊರಿಗೆ ಮುಟ್ಟಿಸಿದ್ದ. ಅವಳು ಮಾತ್ರ ಒಂದೇ ಅಂಗಳವನ್ನು ಮೂವತ್ತೆಂಟು ವರ್ಷ ಗುಡಿಸಿದ್ದಳು. ಮೊಮ್ಮಗಳ ಫೋನಿನಲ್ಲಿ ಯಾರೋ ಗಂಡಹೆಂಡತಿ ಗಾಡಿಯಲ್ಲೇ ಬದುಕುವುದನ್ನು ಕಂಡು, "ಬೆಳಿಗ್ಗೆ ಎದ್ದು ಬಾಗ್ಲು ತಗುದ್ರೆ ದಿನಕ್ಕೊಂದು ಅಂಗಳ ಕಣ್ರೀ. ಇಂಗೆ ಇದ್ಬುಡಾಣ" ಅಂದಿದ್ದಳು. ಕೆಂಪಣ್ಣ ಮೊದಲು ನಕ್ಕ. ಒಂದು ವಾರ ಕಳೆದ ಮೇಲೆ ಕ್ಯಾಲೆಂಡರು ತಿರುಗಿಸಿ ಬರೆಯಲು ಕೂತ.

ಅದು ಸಂಕ್ರಾಂತಿಯ ಆಸುಪಾಸು. ಆಗಲೇ ಇನ್ನೊಂದು ಸಂಗತಿ ಶುರುವಾಗಿತ್ತು. ಎಡಗಡೆ ಇಟ್ಟ ಕಾಫಿ ಲೋಟಕ್ಕೆ ಕೆಂಪಣ್ಣನ ಕೈ ತಗುಲಿ ಚೆಲ್ಲುತ್ತಿತ್ತು. ಎರಡು ಸಲ ಬೈದಳು. ಮೂರನೆಯ ಸಲ ಬೈಯಲಿಲ್ಲ. ಮಾರನೇ ದಿನದಿಂದ ಲೋಟವನ್ನು ಬಲಗಡೆ ಇಡತೊಡಗಿದಳು. ಚೆಲ್ಲುವುದು ನಿಂತಿತು.

ಆಷಾಢದಲ್ಲಿ ಹೊಸಮನೆಗೆ ಕಾಲಿಡಬಾರದೆಂದು ಸಂತೋಷ್ ಸಂಸಾರ ಅದಕ್ಕೆ ಮೊದಲೇ ಹಾಲುಕ್ಕಿಸಿ ಒಳಗೆ ಬಂತು. ಕೆಂಪಣ್ಣ, ಜಯಲಕ್ಷ್ಮಮ್ಮ ಅಂಗಳದಲ್ಲಿ ನಿಂತಿದ್ದ ಗಾಡಿಗೆ ಹತ್ತಿದರು. ಇನ್ನು ನಾಲ್ಕು ದಿನ, ಲೈಸೆನ್ಸೊಂದು ಕೈಗೆ ಬಂದರೆ ಹೊರಟೇಬಿಡುವುದು, ಮೊದಲು ಗೋಕರ್ಣ ಎಂದು ಮಾತಾಗಿತ್ತು.

ವಯಸ್ಸು ಅರವತ್ಮೂರು ಆದ್ದರಿಂದ ರಿನೀವಲ್ಲಿಗೆ ಡಾಕ್ಟರ ರುಜು ಬೇಕಿತ್ತು. ಮಂಡ್ಯದ ಕಣ್ಣಿನ ಡಾಕ್ಟರು ಕೆಂಪಣ್ಣನ ಗದ್ದವನ್ನು ಒಂದು ಮಿಷನ್ನಿಗೆ ಆನಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಅಂದರು. ಪಕ್ಕದಲ್ಲಿ ನಿಂತ ಜಯಲಕ್ಷ್ಮಮ್ಮ ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಎಷ್ಟೋ ಹೊತ್ತು ಅಲ್ಲಾಡದೆ ಸುಮ್ಮನಿರುತ್ತಿತ್ತು.

"ಒಳಗೆ ಒತ್ತಡ ಹೆಚ್ಚಾಗಿ ಎಡಗಣ್ಣಿನ ನರ ಮುಕ್ಕಾಲು ಒಣಗಿದೆ. ಬಲಗಣ್ಣಲ್ಲೂ ಶುರುವಾಗಿದೆ. ಎದುರಿಗಿರೋದು ಕಾಣುತ್ತೆ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಅಂಚಿನಲ್ಲಿರೋದು ಕಾಣಲ್ಲ" ಅಂದರು ಡಾಕ್ಟರು. "ಹೋದದ್ದು ಬರಲ್ಲ. ಆರು ತಿಂಗಳ ಹಿಂದೆ ಬಂದಿದ್ದರೆ ಡ್ರಾಪ್ಸ್ ಹಾಕಿ ಇನ್ನಷ್ಟು ಉಳಿಸಿಕೊಳ್ಳಬಹುದಿತ್ತು." ಫಾರಂಗೆ ರುಜು ಹಾಕದೆ ಹಾಗೇ ವಾಪಸ್ಸು ಕೊಟ್ಟರು.

ಆರು ತಿಂಗಳು. ಜಯಲಕ್ಷ್ಮಮ್ಮ ಲೆಕ್ಕ ಹಾಕಲಿಲ್ಲ; ಹಾಕಬೇಕಾಗಿರಲಿಲ್ಲ.

ಕೆಂಪಣ್ಣ ನಂಬಲಿಲ್ಲ. ಆರ್‌ಟಿಒ ಆಫೀಸಿನ ಮುಂದಿನ ಏಜೆಂಟು ಜಯಕುಮಾರ್ ಅವನ ಬೆನ್ನು ತಟ್ಟಿದ. "ಆ ಡಾಕ್ಟ್ರು ಬ್ಯಾಡ ಬುಡಣ್ಣೋ. ನಮ್ಮತ್ರ ಒಬ್ರವ್ರೆ, ಅವ್ರು ಕಣ್ ನೋಡಾಕಿಲ್ಲ, ಫಾರಂ ಅಷ್ಟೇ ನೋಡೋದು. ಒಂದೂವರೆ ಸಾವ್ರ ಮಡುಗು, ಹತ್ ದಿನಕ್ಕೆ ಲೈಸೆನ್ಸು."

"ಅದೇನ್ ಮಿಷನ್ನೋ, ಚುಕ್ಕಿಗಿಕ್ಕಿ" ಅಂದ ಕೆಂಪಣ್ಣ, ಅಂಗಳಕ್ಕೆ ವಾಪಸ್ಸು ಬಂದು. "ಮೂವತ್ನಾಕು ವರ್ಸದಲ್ಲಿ ಒಂದ್ ಕೋಳಿ ಮ್ಯಾಲೆ ಅತ್ತಿಸಿಲ್ಲ ಕಣಮ್ಮಿ ನಾನು. ಬಾ, ನಾಲೆ ಏರಿ ಮೇಲೆ ಒಂದ್ ರೌಂಡು ಓಗ್ಬರಾಣ. ನೀನೇ ನೋಡಿವಂತೆ."

ಬೇಡ ಅನ್ನಬೇಕಿತ್ತು. ಅವಳು ಎಡಗಡೆಯ ಸೀಟಿಗೆ ಹತ್ತಿ ಕೂತಳು. ಅವನಿಗೆ ಕಂಡರೂ ಕಾಣಬಹುದು ಎಂಬ ಆಸೆ ಇನ್ನೂ ಇತ್ತು.

ನಾಲೆ ಏರಿಯ ಮೇಲೆ ಗಾಡಿ ಸೊಗಸಾಗಿ ಓಡಿತು. ಹಿಂದೆ ಪಾತ್ರೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು, ಅವಳು ಹೊಲಿದ ಪರದೆ ಗಾಳಿಗೆ ಉಬ್ಬುತ್ತಿತ್ತು. ಕೆಂಪಣ್ಣ ಹಾರನ್ನು ಹೊಡೆದು ನಕ್ಕ. "ಎಂಗೆ?" ಅಂದ. ಒಂದು ಮೈಲಿ ಅವಳಿಗೂ ಗೋಕರ್ಣ ದೂರವಿಲ್ಲ ಅನ್ನಿಸಿತು.

ತಿರುವಿನಲ್ಲಿ ಒಬ್ಬ ಹೆಂಗಸು ಹಸಿಹುಲ್ಲಿನ ಹೊರೆ ಹೊತ್ತು ಎಡ ಅಂಚಿಗೇ ಹೋಗುತ್ತಿದ್ದಳು. ಗಾಡಿ ಅವಳತ್ತ ಸರಿಯಿತು. ಜಯಲಕ್ಷ್ಮಮ್ಮ ಬಾಯಿ ತೆರೆಯುವಷ್ಟರಲ್ಲಿ ಕನ್ನಡಿ ಹೊರೆಗೆ ತಗುಲಿತು. ಹುಲ್ಲು ಕಿಟಕಿಯ ತುಂಬ ಹಾರಿತು. ಹೆಂಗಸು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅವಳಿಂದ ಎರಡು ಮೊಳ ಆಚೆ ನಾಲೆಯ ನೀರು.

ಕೆಂಪಣ್ಣ ಇನ್ನೂ ನಗುತ್ತಲೇ ಓಡಿಸುತ್ತಿದ್ದ. ಅವನಿಗೆ ಏನೂ ಗೊತ್ತಾಗಿರಲಿಲ್ಲ.

"ನಿಲ್ಸಿ" ಅಂದಳು. ಎರಡನೆಯ ಸಲ ಕಿರುಚಿದಳು.

ಆ ಹೆಂಗಸು ಚಿಕ್ಕಬೋರಮ್ಮ. ಎಷ್ಟೋ ವರ್ಷ ಕೆಂಪಣ್ಣನ ಬಸ್ಸಿನಲ್ಲೇ ಸಂತೆಗೆ ಹೋಗಿ ಬಂದವಳು. ಓಡಿಬಂದ ಡ್ರೈವರನ ಮುಖ ಕಂಡದ್ದೇ ಅವಳ ಬೈಗುಳ ಅರ್ಧಕ್ಕೇ ನಿಂತಿತು. "ಅಯ್ಯೋ ಕೆಂಪಣ್ಣಾರಾ? ಬ್ಯಾರೆ ಯಾವನಾನ ಆಗಿದ್ರೆ ಕಾಲಲ್ಲಿರೋದು ತಕ್ಕೊತಿದ್ದೆ. ನೀವು ನೋಡ್ಕಂಡೇ ಬಂದಿರ್ತೀರಾ ಬುಡಿ. ನಾನೇ ಅಡ್ಡ ಬಂದೆ ಅನ್ನುಸ್ತದೆ."

ಅವಳು ಅಡ್ಡ ಬಂದಿರಲಿಲ್ಲ. ಕೆಂಪಣ್ಣ ಕೂತು ಹುಲ್ಲು ಆಯತೊಡಗಿದ. ಅವನ ಎಡಗೈ ಪಕ್ಕದಲ್ಲೇ ಬಿದ್ದಿದ್ದ ಹಿಡಿಹುಲ್ಲನ್ನು ಎರಡು ಸಲ ದಾಟಿಹೋಯಿತು. ಜಯಲಕ್ಷ್ಮಮ್ಮ ಅದನ್ನೆತ್ತಿ ಅವನ ಬಲಗೈಗೆ ಕೊಟ್ಟಳು. ಅವನು ಆ ಹುಲ್ಲನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

ಚಿಕ್ಕಬೋರಮ್ಮ ಹೊರೆ ಕಟ್ಟಿಕೊಂಡು ಹೋದ ಮೇಲೆ ಕೇಳಿದ. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಲೋಟ ಬಲಗಡಿಕ್ಕೆ ಮಡುಗ್ತಿದ್ನಲ್ಲಾ" ಅಂದಳು. "ಸಂಕ್ರಾಂತಿಯಿಂದ."

"ಯೋಳಾಕೆ ಏನಾಗಿತ್ತಮ್ಮಿ?"

"ಕಣ್ಣು ಇಷ್ಟೊಂದು ಅಂತ ನಂಗೇನ್ ಗೊತ್ತು? ಯೋಳಿದ್ರೆ ನೀವು ಗಾಡಿ ತತ್ತಿರ್ಲಿಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೀಲಿಯನ್ನು ಅವಳ ಮಡಿಲಿಗೆ ಹಾಕಿ ಏರಿಯ ಕಲ್ಲಿನ ಮೇಲೆ ಕೂತ. ಜಯಕುಮಾರ್ ಫೋನು ಎರಡು ಸಲ ಬಂತು. ಎತ್ತಲಿಲ್ಲ. ಕೊನೆಗೆ ಸಂತೋಷ್ ಬಂದು ಗಾಡಿಯನ್ನು ಅಂಗಳಕ್ಕೆ ಓಡಿಸಿಕೊಂಡು ಹೋದ. ಕೆಂಪಣ್ಣ ಹಿಂದೆ ಮಂಚದ ಮೇಲೆ ಕೂತು ಬಂದ, ಪರದೆ ಎಳೆದುಕೊಂಡು.

ಮುಂದಿನ ದಿನಗಳಲ್ಲಿ ಎಲ್ಲ ದಾರಿಗಳನ್ನೂ ನೋಡಿದ್ದಾಯಿತು. ಡ್ರೈವರನ್ನು ಇಟ್ಟುಕೊಳ್ಳೋಣವೆಂದರೆ ಸಂಬಳಕ್ಕೆ ಎಲ್ಲಿಂದ ತರುವುದು, ಒಂದೇ ಮಂಚದ ಗಾಡಿಯಲ್ಲಿ ಅವನು ಮಲಗುವುದೆಲ್ಲಿ? ಮಾರೋಣವೆಂದರೆ ಸೀಟು ಕಿತ್ತ ಗಾಡಿಗೆ ಎರಡೂಮುಕ್ಕಾಲು ಲಕ್ಷದ ಮೇಲೆ ಯಾರೂ ಕೇಳಲಿಲ್ಲ. ಅಷ್ಟರಿಂದ ಮನೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಕೆ.ಆರ್. ಪೇಟೆಗೆ ಕೊಟ್ಟ ಮಗಳು ಅಂಬಿಕ, "ನಮ್ಮನೆಗೇ ಬಂದ್ಬುಡಿ" ಅಂದಳು. ಪಕ್ಕದಲ್ಲೇ ಇದ್ದ ಅವಳ ಅತ್ತೆ ಎದ್ದು ಒಳಗೆ ಹೋದರು. ಸಂತೋಷ್ ಕೆಟ್ಟವನಲ್ಲ. "ನಾವು ಚಿನ್ನ ಅಡ ಇಟ್ಟು ತಂದ ದುಡ್ಡಣ್ಣ, ಈಗ ಬಿಟ್ರೆ ಎಲ್ಲಿಗೆ ಹೋಗೋಣ?" ಅಂದ. ಅವನ ಹೆಂಡತಿ ಸುನಿತಾ, "ಬಚ್ಚಲುಮನೆ ನಿಮ್ದೇ ಅನ್ಕಳಿ ಜಯಮ್ಮ, ಯಾವಾಗ್ ಬೇಕಾದ್ರೂ ಬನ್ನಿ" ಅಂದಳು. ಕೆಂಪಣ್ಣ ತನ್ನ ಕೈಯಿಂದಲೇ ಹಸಿಗೋಡೆಗೆ ನೀರು ಹೊಡೆದು ಕಟ್ಟಿಸಿದ ಬಚ್ಚಲು ಅದು.

ಈಗ ಜಯಲಕ್ಷ್ಮಮ್ಮ ಬೆಳಿಗ್ಗೆ ಎದ್ದು ಗಾಡಿಯ ಬಾಗಿಲು ತೆಗೆದರೆ ಅದೇ ಅಂಗಳ. ಗುಡಿಸಲು ಹೋದರೆ ಸುನಿತಾ ಆಗಲೇ ಗುಡಿಸಿ ರಂಗೋಲಿ ಬಿಟ್ಟಿರುತ್ತಾಳೆ. ಜಯಲಕ್ಷ್ಮಮ್ಮ ಕಾಫಿ ಕಾಯಿಸಿ ಲೋಟವನ್ನು ಗಂಡನ ಬಲಗಡೆ ಇಡುತ್ತಾಳೆ. ದಿನಕ್ಕೆರಡು ಸಲ ಅವನ ತಲೆ ಹಿಂದಕ್ಕೆ ವಾಲಿಸಿ ಕಣ್ಣಿಗೆ ಡ್ರಾಪ್ಸ್ ಬಿಡುತ್ತಾಳೆ. ಅವನು ಕಣ್ಣು ಬಿಟ್ಟುಕೊಡುತ್ತಾನೆ.

ಮನೆ ಮೂರು ವರ್ಷಕ್ಕೆ ಹೋಯಿತು. ಆಮೇಲೆ ಬಿಡಿಸಿಕೊಳ್ಳುವ ದಾರಿ ಇನ್ನೂ ಕಂಡಿಲ್ಲ. ಎಡಗಣ್ಣು ಹೋಯಿತು. ಚಿಕ್ಕಬೋರಮ್ಮ ಉಳಿದಳು. ಬಲಗಣ್ಣಿನಲ್ಲಿ ಇಷ್ಟು ಉಳಿದಿದೆ.